ಎಂಟು ಎಲೆಯ ಯುಗಾದಿ ಊಟ: ಖರ್ಚು ಮತ್ತು ಆಯಾಸವನ್ನು ಹಿಡಿತದಲ್ಲಿಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಮೈಸೂರು ಸೀಮೆಯ ಸಸ್ಯಾಹಾರಿ ಯುಗಾದಿ ಊಟವನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಮನೆಯವರೂ ಬಂದವರೂ ಸೇರಿ ಎಂಟು ಮಂದಿ, ಎರಡು ಉರಿಯ ಗ್ಯಾಸ್ ಒಲೆ, ಅಡುಗೆಗೆ ಒಬ್ಬರು ಅಥವಾ ಇಬ್ಬರು ಎಂದು ಲೆಕ್ಕ ಹಿಡಿಯಲಾಗಿದೆ. ಎಲ್ಲ ಸಲಹೆಗಳ ಗುರಿ ಒಂದೇ: ಅಡುಗೆ ಮಾಡಿದವರು ಎಲ್ಲರ ಊಟ ಮುಗಿದ ಮೇಲೆ ಆರಿದ ಅನ್ನಕ್ಕೆ ಕೂರದೆ, ಅತಿಥಿಗಳ ಜೊತೆಗೇ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಾಗಬೇಕು.

ಎಂಟು ಮಂದಿಗೆ ಎಷ್ಟು ಬಗೆ ಮಾಡಿದರೆ ಹಬ್ಬದ ಊಟ ಅನ್ನಿಸುತ್ತದೆ?

ಬೇವು-ಬೆಲ್ಲ, ಕೋಸಂಬರಿ, ಒಂದು ಪಲ್ಯ, ಮಾವಿನಕಾಯಿ ಚಿತ್ರಾನ್ನ, ಅನ್ನ, ತೊವ್ವೆ, ತುಪ್ಪ, ಒಬ್ಬಟ್ಟು, ಒಬ್ಬಟ್ಟಿನ ಸಾರು, ಮೊಸರು ಇಷ್ಟಿದ್ದರೆ ಯುಗಾದಿ ಊಟ ತುಂಬಿತು. ಉಪ್ಪಿನಕಾಯಿ ಮತ್ತು ಹಪ್ಪಳ ಡಬ್ಬದಿಂದ ಬರುತ್ತವೆ. ಎಲೆಯ ಮೇಲೆ ಇವೆಲ್ಲ ಕೂತಾಗ ಯಾರಿಗೂ ಏನೋ ಕಡಿಮೆಯಾಯಿತು ಅನ್ನಿಸುವುದಿಲ್ಲ.

ಕೈಬಿಡಬೇಕಾದ ಮೊದಲ ತಿಂಡಿ ಆಂಬೊಡೆ, ಬೋಂಡದಂಥ ಕರಿದ ಪದಾರ್ಥ. ಅದು ರುಚಿಯಾಗಿಲ್ಲವೆಂದಲ್ಲ. ಅದು ಬಿಸಿಯಾಗಿದ್ದರೆ ಮಾತ್ರ ರುಚಿ, ಹಾಗಾಗಿ ಬಡಿಸುವ ಹೊತ್ತಿಗೇ ಒಬ್ಬರು ಎಣ್ಣೆ ಬಾಣಲೆಯ ಮುಂದೆ ನಿಂತಿರಬೇಕಾಗುತ್ತದೆ, ಮತ್ತು ಆ ಒಬ್ಬರು ಪಂಕ್ತಿಯಿಂದ ಹೊರಗೆ ಉಳಿಯುತ್ತಾರೆ. ಎರಡನೆಯದು ಇನ್ನೊಂದು ಸಿಹಿ. ಒಬ್ಬಟ್ಟಿನ ಜೊತೆ ಪಾಯಸ, ಕೇಸರಿಬಾತು, ಪೆಟ್ಟಿಗೆಯ ಸಿಹಿ ಎಲ್ಲವೂ ಇದ್ದರೆ ಒಬ್ಬಟ್ಟೇ ಉಳಿದುಹೋಗುತ್ತದೆ. ಎಲೆಗೆ ಮೊದಲು ಪಾಯಸ ಬಡಿಸಲೇಬೇಕೆಂಬ ಪದ್ಧತಿ ಇರುವ ಮನೆಗಳಲ್ಲಿ ಅರ್ಧ ಲೀಟರ್ ಹಾಲಿನ ಶಾವಿಗೆ ಪಾಯಸ ಎಂಟು ಎಲೆಗೆ ಒಂದೊಂದು ಸೌಟಿನಂತೆ ಸಾಕಾಗುತ್ತದೆ. ಮೂರನೆಯದಾಗಿ, ತೊವ್ವೆ ಮತ್ತು ಸಾರು ಇರುವಾಗ ತರಕಾರಿ ಹುಳಿ ಬೇಡ.

ಪ್ರತಿಯೊಂದಕ್ಕೂ ಎಷ್ಟೆಷ್ಟು ಸಾಮಾನು ಬೇಕು?

ಹಬ್ಬದ ಊಟದಲ್ಲಿ ಬಗೆಗಳು ಹೆಚ್ಚಿರುವುದರಿಂದ ಒಬ್ಬೊಬ್ಬರು ತಿನ್ನುವ ಅನ್ನ ದಿನದ ಊಟಕ್ಕಿಂತ ಕಡಿಮೆ. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳದೆ ಅಳೆಯುವುದರಿಂದಲೇ ಪ್ರತಿ ಮನೆಯಲ್ಲೂ ಹಬ್ಬದ ರಾತ್ರಿ ಒಂದು ಪಾತ್ರೆ ಅನ್ನ ಉಳಿಯುತ್ತದೆ.

ಎಂಟು ಮಂದಿಗೆ ಒಟ್ಟು 800 ಗ್ರಾಂ ಸೋನಾಮಸೂರಿ ಅಕ್ಕಿ ಸಾಕು. ಅದರಲ್ಲಿ 300 ಗ್ರಾಂ ಚಿತ್ರಾನ್ನಕ್ಕೆ, ಉಳಿದದ್ದು ಬಿಳಿ ಅನ್ನಕ್ಕೆ. ತೊಗರಿಬೇಳೆ 550 ಗ್ರಾಂ, ಬೆಲ್ಲ ಸುಮಾರು 400 ಗ್ರಾಂ, ಕನಕಕ್ಕೆ, ಅಂದರೆ ಒಬ್ಬಟ್ಟಿನ ಹೊರಪದರದ ಹಿಟ್ಟಿಗೆ, ಚಿರೋಟಿ ರವೆ ಅಥವಾ ಮೈದಾ 300 ಗ್ರಾಂ. ಇಷ್ಟರಲ್ಲಿ ಮಧ್ಯಮ ಗಾತ್ರದ ಇಪ್ಪತ್ತರಷ್ಟು ಒಬ್ಬಟ್ಟು ಆಗುತ್ತವೆ, ಅಂದರೆ ಎಲೆಗೆ ಎರಡರಂತೆ ಬಡಿಸಿ ಮೇಲೆ ನಾಲ್ಕು ಉಳಿಯುತ್ತವೆ. ಕೋಸಂಬರಿಗೆ 125 ಗ್ರಾಂ ಹೆಸರುಬೇಳೆ ಮತ್ತು ಎರಡು ಎಳೆ ಸೌತೆಕಾಯಿ, ಪಲ್ಯಕ್ಕೆ ಮುಕ್ಕಾಲು ಕಿಲೋ ಹುರುಳಿಕಾಯಿ, ಚಿತ್ರಾನ್ನಕ್ಕೆ ಒಂದು ದೊಡ್ಡ ತೋತಾಪುರಿ ಅಥವಾ ಎರಡು ಸಣ್ಣ ಮಾವಿನಕಾಯಿ. ತೆಂಗಿನಕಾಯಿ ಮೂರು. ತುಪ್ಪ ಕಾಲು ಕಿಲೋ. ಮೊಸರಿಗೆ ಹೆಪ್ಪು ಹಾಕಲು ಒಂದು ಲೀಟರ್ ಹಾಲು. ಹಪ್ಪಳ ತಲೆಗೆ ಎರಡು.

ಬೇಳೆ, ಬೆಲ್ಲ ಮತ್ತು ರವೆಯನ್ನು ಒಂದು ಹಿಡಿ ಹೆಚ್ಚಾಗಿ ತಂದಿಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ, ಏಕೆಂದರೆ ಅವು ಕೆಡುವುದಿಲ್ಲ. ತರಕಾರಿ ಮತ್ತು ಹಾಲನ್ನು ಮಾತ್ರ ಲೆಕ್ಕಕ್ಕೆ ಸರಿಯಾಗಿ ತರಬೇಕು.

ಖರ್ಚು ನಿಜವಾಗಿ ಎಲ್ಲಿ ಹೆಚ್ಚುತ್ತದೆ?

ಅಕ್ಕಿ, ಬೇಳೆ, ಬೆಲ್ಲಗಳಲ್ಲಿ ಅಲ್ಲ. ಮೇಲಿನ ಪಟ್ಟಿಯನ್ನು ನಿಮ್ಮ ಬಡಾವಣೆಯ ಅಂಗಡಿಯ ದರದಿಂದ ಗುಣಿಸಿ ನೋಡಿದರೆ, ಧಾನ್ಯ ಮತ್ತು ಬೇಳೆಗಳ ಭಾಗ ಎಷ್ಟು ಚಿಕ್ಕದೆಂಬುದು ಕಾಣುತ್ತದೆ. ಹಣ ಸೋರುವುದು ಹಬ್ಬದ ಹಿಂದಿನ ಸಂಜೆ ತರುವ ಹೂವಿನಲ್ಲಿ, ಪೆಟ್ಟಿಗೆಯ ಸಿಹಿಯಲ್ಲಿ, ಗೋಡಂಬಿ-ದ್ರಾಕ್ಷಿಯಲ್ಲಿ, ದೊಡ್ಡ ಬಾಟಲಿಯ ತಂಪು ಪಾನೀಯಗಳಲ್ಲಿ ಮತ್ತು ಗಡಿಬಿಡಿಯಲ್ಲಿ ಹೊರಗಿನಿಂದ ತರಿಸಿಕೊಳ್ಳುವ ತಿಂಡಿಯಲ್ಲಿ. ಪಾನಕ ಅಥವಾ ಒಗ್ಗರಣೆ ಹಾಕಿದ ನೀರುಮಜ್ಜಿಗೆ ಇರುವಾಗ ಬಾಟಲಿಯ ಪಾನೀಯ ಯಾಕೆ ಬೇಕು? ಬೇಸಿಗೆಯ ಮಧ್ಯಾಹ್ನಕ್ಕೆ ಬೆಲ್ಲ, ನಿಂಬೆಹಣ್ಣು, ಏಲಕ್ಕಿಯ ಪಾನಕದಷ್ಟು ಹಿತವಾದದ್ದು ಇನ್ನೊಂದಿಲ್ಲ.

ಹೂವು, ಬಾಳೆ ಎಲೆ, ಮಾವಿನ ಸೊಪ್ಪುಗಳ ಬೆಲೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲೂ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲೂ ಹಬ್ಬದ ಹಿಂದಿನ ದಿನ ಏರುತ್ತದೆ. ಎರಡು ದಿನ ಮೊದಲೇ ಬಾಳೆ ಎಲೆ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಟ್ಟರೆ ಅದು ಬಾಡುವುದಿಲ್ಲ. ತರಕಾರಿಗೆ ಬೆಳೆಗಾರರ ಸಹಕಾರ ಸಂಘದ ಹಾಪ್‌ಕಾಮ್ಸ್ ಮಳಿಗೆ ಹತ್ತಿರವಿದ್ದರೆ ಅಲ್ಲಿನ ಫಲಕದ ದರವನ್ನು ಮೊದಲು ನೋಡಿಕೊಂಡು ಆಮೇಲೆ ಮಾರುಕಟ್ಟೆಗೆ ಹೋದರೆ ಚೌಕಾಸಿಗೆ ಒಂದು ಆಧಾರ ಸಿಗುತ್ತದೆ.

ಹಬ್ಬದ ತಾರೀಕನ್ನೂ ಗಮನಿಸಬೇಕು. ಚಾಂದ್ರಮಾನ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ ಬಂದಿದೆ. ಹಬ್ಬ ಬೇಗ ಬಂದ ವರ್ಷ ಮಾವಿನಕಾಯಿ ಇನ್ನೂ ಎಳೆಯದಾಗಿ, ದುಬಾರಿಯಾಗಿ ಇರುವ ಸಂಭವ ಹೆಚ್ಚು. ಅಂಥ ವರ್ಷ ಒಂದೇ ಸಣ್ಣ ಮಾವಿನಕಾಯಿ ತಂದು, ಉಳಿದ ಹುಳಿಗೆ ನಿಂಬೆಹಣ್ಣು ಹಿಂಡಿದರೆ ಚಿತ್ರಾನ್ನದ ಪರಿಮಳಕ್ಕೆ ಕೊರತೆಯಾಗದು. ಹುರುಳಿಕಾಯಿ ತುಟ್ಟಿಯಾಗಿದ್ದರೆ ಎಲೆಕೋಸು ಅಥವಾ ಸೀಮೆಬದನೆಕಾಯಿ ಪಲ್ಯ ಮಾಡಬಹುದು.

ತುಪ್ಪದಲ್ಲಿ ಮಾತ್ರ ಕೈಹಿಡಿತ ಬೇಡ. ಬಿಸಿ ಒಬ್ಬಟ್ಟಿನ ಮೇಲೆ ಒಳ್ಳೆಯ ತುಪ್ಪ ಬಿದ್ದರೆ, ಎಲೆಯ ಮೇಲೆ ನಾಲ್ಕು ಬಗೆ ಕಡಿಮೆ ಇದ್ದದ್ದು ಯಾರ ಗಮನಕ್ಕೂ ಬರುವುದಿಲ್ಲ. ಗೋಡಂಬಿಗೆ ಹಾಕುವ ಹಣವನ್ನು ತುಪ್ಪಕ್ಕೆ ಹಾಕಿ.

ಒಂದೇ ಬೇಳೆಯಲ್ಲಿ ಮೂರು ಅಡುಗೆ ಮಾಡುವ ಕ್ರಮ ಹೇಗೆ?

ಯುಗಾದಿ ಅಡುಗೆಯ ಜಾಣತನವೆಲ್ಲ ಇರುವುದು ಇಲ್ಲಿ. ಒಂದು ಪಾತ್ರೆಯಲ್ಲಿ ಒಮ್ಮೆ ಬೇಯಿಸಿದ ಬೇಳೆಯಿಂದ ತೊವ್ವೆ, ಒಬ್ಬಟ್ಟಿನ ಹೂರಣ ಮತ್ತು ಸಾರು ಮೂರೂ ಆಗುತ್ತವೆ. ನಮ್ಮ ಹಿರಿಯರು ಈ ಊಟವನ್ನು ಉಳಿತಾಯದ ಕಣ್ಣಿನಿಂದಲೇ ಕಟ್ಟಿದ್ದಾರೆ, ಆದ್ದರಿಂದ ಹೊಸದಾಗಿ ನಾವು ಉಳಿತಾಯದ ಉಪಾಯ ಹುಡುಕುವುದಕ್ಕಿಂತ ಅದನ್ನು ಸರಿಯಾಗಿ ಪಾಲಿಸುವುದೇ ಮೇಲು.

550 ಗ್ರಾಂ ಬೇಳೆಯನ್ನು ತೊಳೆದು ಅರ್ಧ ಗಂಟೆ ನೆನೆಸಿ, ಎರಡು ಲೀಟರ್ ಕುದಿಯುವ ನೀರಿಗೆ ಹಾಕಿ, ಚಿಟಿಕೆ ಅರಿಸಿನ ಮತ್ತು ಒಂದು ಚಮಚ ಎಣ್ಣೆ ಬಿಟ್ಟು ತೆರೆದ ಪಾತ್ರೆಯಲ್ಲಿ ಬೇಯಿಸಬೇಕು. ಕುಕ್ಕರಿನಲ್ಲಿ ಬೇಗ ಆಗುತ್ತದೆ ನಿಜ, ಆದರೆ ಒಂದು ಕೂಗು ಹೆಚ್ಚಾದರೆ ಬೇಳೆ ಕರಗಿ ನೀರಿನೊಳಗೆ ಸೇರಿಬಿಡುತ್ತದೆ, ಆಗ ಹೂರಣವೂ ಕೆಡುತ್ತದೆ, ಕಟ್ಟೂ (ಬೇಳೆ ಬೆಂದ ನೀರು) ಮಂದವಾಗುತ್ತದೆ. ಬೆರಳುಗಳ ನಡುವೆ ಒತ್ತಿದರೆ ನುರಿಯಬೇಕು, ಪಾತ್ರೆಯಲ್ಲಿ ಮಾತ್ರ ಆಕಾರ ಬಿಟ್ಟಿರಬಾರದು. ಆ ಹದಕ್ಕೆ ಇಳಿಸಿ ಜಾಲರಿಯಲ್ಲಿ ಬಸಿಯಬೇಕು. ಕೆಳಗೆ ಇಳಿದ ಕಟ್ಟು ಸುಮಾರು ಒಂದು ಲೀಟರ್ ಇರುತ್ತದೆ, ಅದು ಸಾರಿಗೆ.

ಬಸಿದ ಬೇಳೆಯಲ್ಲಿ ಕಾಲು ಭಾಗವನ್ನು ತೊವ್ವೆಗೆ ತೆಗೆದಿಟ್ಟು, ಉಳಿದದ್ದನ್ನು ಬೆಲ್ಲದೊಂದಿಗೆ ಸಣ್ಣ ಉರಿಯಲ್ಲಿ ಮಗುಚುತ್ತಾ ನೀರಿನಂಶ ಹೋಗುವವರೆಗೆ ಕಾಯಿಸಬೇಕು. ಕೊನೆಯಲ್ಲಿ ತೆಂಗಿನತುರಿ ಮತ್ತು ಏಲಕ್ಕಿ ಸೇರಿಸಿ, ಆರಿದ ಮೇಲೆ ನೀರು ಹಾಕದೆ ನುಣ್ಣಗೆ ರುಬ್ಬಬೇಕು. ಮಿಕ್ಸಿಯಾದರೆ ಸ್ವಲ್ಪಸ್ವಲ್ಪವಾಗಿ ಹಾಕಿ ರುಬ್ಬುವುದು ಒಳ್ಳೆಯದು. ಮಂಡ್ಯದ ಕಡೆಯ ಕಂದುಬಣ್ಣದ ಅಚ್ಚುಬೆಲ್ಲ ಇದಕ್ಕೆ ಬಹಳ ಚೆನ್ನ. ಬೆಲ್ಲದಲ್ಲಿ ಮಣ್ಣು ಕಂಡರೆ ಸ್ವಲ್ಪವೇ ನೀರಿನಲ್ಲಿ ಕರಗಿಸಿ, ಸೋಸಿ, ಪಾಕ ಮಂದವಾಗುವವರೆಗೆ ಕುದಿಸಿದ ನಂತರ ಬೇಳೆ ಹಾಕಿ.

ಸಾರಿಗೆ, ಒಂದು ನಿಂಬೆ ಗಾತ್ರದ ಹೂರಣವನ್ನು ತೆಂಗಿನತುರಿ ಮತ್ತು ಸಾರಿನ ಪುಡಿಯ ಜೊತೆ ರುಬ್ಬಿ, ಕಟ್ಟಿಗೆ ಸೇರಿಸಿ, ಹುಣಸೆಹುಳಿ ಮತ್ತು ಉಪ್ಪು ಹಾಕಿ ಕುದಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಬೇಕು. ಈ ಸಾರು ಕುದಿದಷ್ಟೂ ರುಚಿ, ಮರುದಿನಕ್ಕೆ ಇನ್ನೂ ರುಚಿ. ಬಹಳ ಮನೆಗಳಲ್ಲಿ ಒಬ್ಬಟ್ಟಿಗಿಂತ ಹೆಚ್ಚು ಜನ ಕಾಯುವುದು ಇದಕ್ಕೇ.

ಹೂರಣ ನೀರಾಗಿಬಿಟ್ಟರೆ ಏನು ಮಾಡಬೇಕು?

ಅಗಲವಾದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟು ಮಗುಚುತ್ತಾ ಬಿಗಿಯಾಗುವವರೆಗೆ ಕಾಯಿಸಿ. ಬಿಸಿಯಾಗಿರುವಾಗ ಸಡಿಲವಾಗಿ ಕಾಣುವ ಹೂರಣ ಆರಿದಾಗ ಗಟ್ಟಿಯಾಗುತ್ತದೆ, ಆದ್ದರಿಂದ ಆತುರಪಡಬೇಡಿ. ಆದರೂ ಉಂಡೆ ನಿಲ್ಲದಿದ್ದರೆ ಎರಡು ಚಮಚ ಹುರಿಗಡಲೆ ಪುಡಿ ಕಲಸಿದರೆ ಸಾಕು.

ಹಿಂದಿನ ದಿನವೇ ಯಾವುದನ್ನು ಮಾಡಿಟ್ಟುಕೊಳ್ಳಬಹುದು?

ಹೂರಣ, ಕಟ್ಟು, ತೊವ್ವೆಗೆ ತೆಗೆದ ಬೇಳೆ ಈ ಮೂರೂ ಹಿಂದಿನ ಸಂಜೆ ಸಿದ್ಧವಾಗಿ, ಆರಿದೊಡನೆ ಫ್ರಿಜ್ಜಿನಲ್ಲಿ ಮುಚ್ಚಿದ ಪಾತ್ರೆಗಳಲ್ಲಿ ಇರಬಹುದು. ಮೊಸರಿಗೆ ಹೆಪ್ಪು, ಹುರುಳಿಕಾಯಿ ಹೆಚ್ಚುವುದು, ತೆಂಗಿನಕಾಯಿ ತುರಿದು ಫ್ರಿಜ್ಜಿನಲ್ಲಿಡುವುದು, ಏಲಕ್ಕಿ ಪುಡಿ, ಬಡಿಸುವ ಪಾತ್ರೆ-ಸೌಟುಗಳನ್ನು ತೊಳೆದು ಒಂದೆಡೆ ಜೋಡಿಸುವುದು ಎಲ್ಲವೂ ಹಿಂದಿನ ದಿನದ ಕೆಲಸ. ಕೊನೆಯದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ, ಆದರೆ ಊಟದ ಹೊತ್ತಿಗೆ ಅಟ್ಟದ ಮೇಲಿನ ಪಾತ್ರೆ ಹುಡುಕುವ ಪರದಾಟವೇ ಎಲ್ಲಕ್ಕಿಂತ ಹೆಚ್ಚು ದಣಿಸುತ್ತದೆ. ಕೋಸಂಬರಿಯನ್ನು ಮಾತ್ರ ಹಿಂದಿನ ದಿನ ಮುಟ್ಟಬೇಡಿ.

ಹಬ್ಬದ ದಿನ ಸ್ನಾನ ಮಾಡಿ ಮಡಿಯಲ್ಲೇ ನೈವೇದ್ಯದ ಅಡುಗೆ ಮಾಡುವ ಮನೆಗಳಿಗೆ ಈ ಸಲಹೆ ಪೂರ್ತಿಯಾಗಿ ಹೊಂದುವುದಿಲ್ಲ, ಮತ್ತು ಆ ಪದ್ಧತಿಯನ್ನು ಗೌರವಿಸಿಯೇ ಯೋಜಿಸಬೇಕು. ಅಲ್ಲಿ ಹಿಂದಿನ ದಿನ ಬೇಳೆ ಆರಿಸುವುದು, ಬೆಲ್ಲ ಕುಟ್ಟುವುದು, ಸಾರಿನ ಪುಡಿ ಮಾಡುವುದು, ಪಾತ್ರೆ ಜೋಡಿಸುವುದು ಇಷ್ಟನ್ನು ಮಾತ್ರ ಮುಗಿಸಿ, ಬೆಳಿಗ್ಗೆ ಎರಡು ಗಂಟೆ ಬೇಗ ಒಲೆ ಹಚ್ಚಬೇಕಾಗುತ್ತದೆ. ಅಂಥ ಮನೆಗಳು ಬಗೆಗಳನ್ನು ಇನ್ನೂ ಒಂದು ಕಡಿಮೆ ಮಾಡುವುದು ಜಾಣತನ. ಚಿತ್ರಾನ್ನ ಅಥವಾ ಪಲ್ಯ, ಎರಡರಲ್ಲಿ ಒಂದು ಸಾಕು.

ಹಬ್ಬದ ಬೆಳಿಗ್ಗೆ ಎರಡು ಉರಿಯ ಒಲೆಯಲ್ಲಿ ಎಲ್ಲವನ್ನೂ ಹೇಗೆ ಹೊಂದಿಸುವುದು?

ಹನ್ನೆರಡೂವರೆಗೆ ಎಲೆ ಹಾಕಬೇಕೆಂದಿದ್ದರೆ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಬೆಳಿಗ್ಗೆ ಏಳೂವರೆಗೆ ಕನಕ ಕಲಸಿ, ಮೇಲೆ ಧಾರಾಳವಾಗಿ ಎಣ್ಣೆ ಸವರಿ ಮುಚ್ಚಿಡಿ. ಅದು ಎರಡು-ಮೂರು ಗಂಟೆ ನೆನೆದಷ್ಟೂ ಒಬ್ಬಟ್ಟು ಹರಿಯದೆ ತೆಳುವಾಗಿ ಬರುತ್ತದೆ. ಪೂಜೆ ಮತ್ತು ಬೇವು-ಬೆಲ್ಲ ಮುಗಿದ ಮೇಲೆ, ಒಂಬತ್ತರ ಸುಮಾರಿಗೆ ಒಂದು ಉರಿಯಲ್ಲಿ ಚಿತ್ರಾನ್ನದ ಅನ್ನ, ಇನ್ನೊಂದರಲ್ಲಿ ಪಲ್ಯ. ಅನ್ನವನ್ನು ತಟ್ಟೆಯಲ್ಲಿ ಹರಡಿ ಆರಲು ಬಿಟ್ಟು, ಅದೇ ಉರಿಯಲ್ಲಿ ಮಾವಿನಕಾಯಿ ಒಗ್ಗರಣೆ ಮಾಡಿ ಕಲಸಿದರೆ ಹತ್ತು ಗಂಟೆಗೆ ಎರಡು ಬಗೆ ಮುಗಿದವು. ಸಾರು ಅಷ್ಟರಲ್ಲಿ ಇನ್ನೊಂದು ಉರಿಯಲ್ಲಿ ಕುದಿಯುತ್ತಿರುತ್ತದೆ.

ಹತ್ತೂವರೆಯಿಂದ ಒಬ್ಬಟ್ಟು. ಒಂದೇ ಕಾವಲಿಯಲ್ಲಿ ಇಪ್ಪತ್ತು ಒಬ್ಬಟ್ಟಿಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕು. ಒಬ್ಬರು ತಟ್ಟಿ, ಇನ್ನೊಬ್ಬರು ಬೇಯಿಸಿದರೆ ಕೆಲಸ ಹಗುರ. ಮನೆಯ ಗಂಡಸರು ಕಾವಲಿಯ ಮುಂದೆ ನಿಲ್ಲಲು ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ದಿನ ಇಲ್ಲ, ತಿರುಗಿಸುವುದಕ್ಕೆ ವಿಶೇಷ ನೈಪುಣ್ಯವೇನೂ ಬೇಡ. ಬೆಂದ ಒಬ್ಬಟ್ಟುಗಳನ್ನು ಬಾಳೆ ಎಲೆಯ ಮೇಲೆ ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಿದರೆ ಊಟದ ಹೊತ್ತಿಗೂ ಮೆತ್ತಗೇ ಇರುತ್ತವೆ. ಇದೇ ಸಮಯದಲ್ಲಿ ಎರಡನೆಯ ಉರಿಯಲ್ಲಿ ತೊವ್ವೆ, ಆಮೇಲೆ ಹಪ್ಪಳ. ಹನ್ನೆರಡಕ್ಕೆ ಬಿಳಿ ಅನ್ನದ ಕುಕ್ಕರ್ ಇಟ್ಟು, ಸಾರನ್ನು ಮತ್ತೊಮ್ಮೆ ಬಿಸಿ ಮಾಡಿ. ಒಂದು ಗಂಟೆ ನೆನೆಸಿ ಬಸಿದಿಟ್ಟ ಹೆಸರುಬೇಳೆಗೆ ಸೌತೆಕಾಯಿ, ತೆಂಗಿನತುರಿ, ಒಗ್ಗರಣೆ ಸೇರಿಸಿ, ಉಪ್ಪನ್ನು ಎಲೆ ಹಾಕುವಾಗಲೇ ಹಾಕಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ಹನ್ನೆರಡೂಕಾಲಿಗೆ ಒಲೆ ಆರಬೇಕು. ಆ ಕಾಲು ಗಂಟೆ ಅಡುಗೆ ಮಾಡಿದವರು ಮುಖ ತೊಳೆದು, ಸೀರೆ ಅಥವಾ ಬಟ್ಟೆ ಬದಲಿಸಿ, ಬಂದವರ ಜೊತೆ ಎರಡು ಮಾತಾಡುವುದಕ್ಕೆ.

ಒಬ್ಬಟ್ಟನ್ನು ಅಂಗಡಿಯಿಂದ ತಂದರೆ ತಪ್ಪೇ?

ಖಂಡಿತ ತಪ್ಪಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಒಬ್ಬಟ್ಟಿಗೆಂದೇ ಇರುವ ಅಂಗಡಿಗಳಿವೆ. ಒಬ್ಬರೇ ಅಡುಗೆ ಮಾಡುವವರಿದ್ದರೆ, ಅಥವಾ ಮನೆಯಲ್ಲಿ ಹಸುಗೂಸು ಇಲ್ಲವೇ ಆರೈಕೆ ಬೇಕಾದ ಹಿರಿಯರು ಇದ್ದರೆ, ಹದಿನಾರು ಒಬ್ಬಟ್ಟನ್ನು ಎರಡು ದಿನ ಮೊದಲೇ ಹೇಳಿಟ್ಟು ತರುವುದು ಸರಿಯಾದ ನಿರ್ಧಾರ. ಮನೆಯಲ್ಲಿ ಮಾಡಿದ್ದಕ್ಕಿಂತ ಖರ್ಚು ಹೆಚ್ಚಾಗುತ್ತದೆ, ಅದನ್ನು ಪಲ್ಯ ಅಥವಾ ಹೂವಿನ ಲೆಕ್ಕದಲ್ಲಿ ಸರಿದೂಗಿಸಬಹುದು. ಆಗಲೂ ಸಾರನ್ನು ಮನೆಯಲ್ಲೇ ಮಾಡಿ: ಬೇಳೆ ಬೇಯಿಸಿ ಬಸಿದ ಕಟ್ಟಿಗೆ ಅಂಗಡಿಯ ಒಂದು ಒಬ್ಬಟ್ಟನ್ನೇ ಹಾಕಿ ರುಬ್ಬಿದರೆ ಬೇಕಾದ ಸಿಹಿ ಮತ್ತು ಮಂದ ಎರಡೂ ಬರುತ್ತವೆ.

ಬರುವವರನ್ನು ಏನಾದರೂ ತನ್ನಿ ಎಂದು ಕೇಳಬಹುದೇ?

ಕೇಳಬಹುದು, ಆದರೆ ನಿರ್ದಿಷ್ಟವಾಗಿ ಕೇಳಬೇಕು. ಯಾರೂ ಹಬ್ಬಕ್ಕೆ ಬರಿಗೈಯಲ್ಲಿ ಬರುವುದಿಲ್ಲ. ಏನೂ ಹೇಳದಿದ್ದರೆ ಮೂರು ಮನೆಯವರೂ ಒಂದೊಂದು ಪೆಟ್ಟಿಗೆ ಸಿಹಿ ತರುತ್ತಾರೆ, ಅದು ಅವರಿಗೂ ಖರ್ಚು, ನಿಮಗೂ ಉಪಯೋಗವಿಲ್ಲ. "ಅಕ್ಕಾ, ನಿಮ್ಮ ಕೈಯ ಮಾವಿನಕಾಯಿ ಉಪ್ಪಿನಕಾಯಿ ಸ್ವಲ್ಪ ತಂದುಬಿಡಿ, ಸಿಹಿ ಏನೂ ತರಬೇಡಿ" ಎಂದು ಕರೆಯುವಾಗಲೇ ಹೇಳಿದರೆ ಅವರಿಗೂ ಸಂತೋಷ. ಹತ್ತಿರದ ಬಂಧುವಾದರೆ ಕೋಸಂಬರಿಯನ್ನೋ ಮೊಸರನ್ನೋ ಅವರಿಗೇ ಒಪ್ಪಿಸಬಹುದು. ಮೊದಲ ಬಾರಿ ಮನೆಗೆ ಬರುವವರನ್ನು ಮತ್ತು ಹೊಸದಾಗಿ ಮದುವೆಯಾದವರನ್ನು ಏನೂ ಕೇಳಬಾರದು.

ಒಲೆ ಬೇಕಾಗುವ ಪದಾರ್ಥವನ್ನು ಮಾತ್ರ ಯಾರಿಗೂ ಹಂಚಬೇಡಿ. ಅವರು ತಡವಾಗಿ ಬಂದರೆ ಊಟ ನಿಂತುಹೋಗುತ್ತದೆ, ಅಥವಾ ತಂದದ್ದನ್ನು ಬಿಸಿ ಮಾಡುವುದಕ್ಕೆ ನಿಮ್ಮ ಒಲೆಯೇ ಬೇಕಾಗುತ್ತದೆ.

ಎಲೆಯೇ ಬೇಕೇ? ಬಡಿಸುವುದು ಯಾರು?

ಬಾಳೆ ಎಲೆ ಅಂದಕ್ಕೂ ಹೌದು, ಅನುಕೂಲಕ್ಕೂ ಹೌದು: ಎಂಟು ತಟ್ಟೆ ತೊಳೆಯುವ ಕೆಲಸ ಉಳಿಯುತ್ತದೆ. ಎಲೆ ತೀರಾ ತುಟ್ಟಿಯಾದ ವರ್ಷ ಮುತ್ತುಗದ ಎಲೆ ಅಥವಾ ಅಡಿಕೆ ಹಾಳೆಯ ತಟ್ಟೆ ತರಬಹುದು. ಮನೆಯ ಸ್ಟೀಲ್ ತಟ್ಟೆಗಳೂ ಶೋಭೆಗೆ ಕಡಿಮೆಯಲ್ಲ. ಪ್ಲಾಸ್ಟಿಕ್ ಲೇಪದ ಕಾಗದದ ಎಲೆ ಮಾತ್ರ ಬೇಡ, ಬಿಸಿ ಸಾರು ಬಡಿಸುವ ಜಾಗ ಅದಲ್ಲ.

ಎಲೆಯ ತುದಿ ಉಣ್ಣುವವರ ಎಡಕ್ಕೆ ಬರುವಂತೆ ಹಾಕಿ, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಚಿತ್ರಾನ್ನ, ಹಪ್ಪಳ, ಒಂದು ಒಬ್ಬಟ್ಟು ಇವನ್ನು ಎಲ್ಲರೂ ಕೂರುವ ಮೊದಲೇ ಬಡಿಸಿಬಿಡಿ. ಬಡಿಸುವ ಕ್ರಮ ಮನೆಯಿಂದ ಮನೆಗೆ ಬೇರೆಯಾಗಿರುತ್ತದೆ, ನಿಮ್ಮ ಮನೆಯ ಕ್ರಮವನ್ನೇ ಅನುಸರಿಸಿ. ಆಮೇಲೆ ಅನ್ನ, ತೊವ್ವೆ, ತುಪ್ಪ, ಸಾರು, ಮೊಸರುಗಳನ್ನು ಪಂಕ್ತಿಯ ನಡುವೆ ಕೈಗೆಟುಕುವಂತೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಕೂರಿ. ಮೊದಲ ಸುತ್ತು ಅನ್ನ-ತುಪ್ಪವನ್ನು ಒಬ್ಬರು ಬಡಿಸಿ ಕುಳಿತರೆ, ಸಾರಿಗೆ ಇನ್ನೊಬ್ಬರು ಏಳಲಿ, ಮೊಸರಿಗೆ ಮತ್ತೊಬ್ಬರು. ಹನ್ನೆರಡು-ಹದಿಮೂರರ ಮಕ್ಕಳಿಗೆ ಹಪ್ಪಳ ಮತ್ತು ನೀರಿನ ಹೊಣೆ ಕೊಟ್ಟರೆ ಅವರು ಅದನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾರೆ. ಮನೆಯ ಹೆಂಗಸರು ಕೊನೆಗೆ ಉಣ್ಣುವ ರೂಢಿಯನ್ನು ಎಂಟು ಮಂದಿಯ ಊಟದಲ್ಲಂತೂ ಮುಂದುವರಿಸಲು ಯಾವ ಕಾರಣವೂ ಇಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ ಏನು ವ್ಯವಸ್ಥೆ?

ಅವರಿಗೆಂದು ಪ್ರತ್ಯೇಕ ಸಿಹಿ ಮಾಡುವುದಕ್ಕಿಂತ, ಅಂಗೈ ಅಗಲದ ಎರಡು-ಮೂರು ಪುಟ್ಟ ಒಬ್ಬಟ್ಟು ತಟ್ಟಿಡುವುದು ಮೇಲು. ತಿನ್ನುವುದೋ ಬಿಡುವುದೋ ಅವರೇ ನಿರ್ಧರಿಸುತ್ತಾರೆ. ಬೆಲ್ಲವಾದ್ದರಿಂದ ತೊಂದರೆಯಿಲ್ಲ ಎಂದು ಹೇಳಿ ಬಡಿಸಬಾರದು, ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಕೋಸಂಬರಿ ಮತ್ತು ಪಲ್ಯ ಅವರ ಎಲೆಯಲ್ಲಿ ಧಾರಾಳವಾಗಿರಲಿ. ಉಪಚಾರ ನಮ್ಮ ಸಂಸ್ಕೃತಿಯ ಒಳ್ಳೆಯ ಗುಣ, ಆದರೆ ಕೈ ಅಡ್ಡ ಹಿಡಿದ ಮೇಲೂ ಬಡಿಸುವುದು ಉಪಚಾರವಲ್ಲ. ಮೊಣಕಾಲು ನೋವಿರುವವರಿಗೆ ಕುರ್ಚಿ-ಮೇಜಿನ ಮೇಲೆ ಎಲೆ ಹಾಕುವುದಾದರೆ, ಅವರೊಬ್ಬರನ್ನೇ ಬೇರೆ ಕೂರಿಸದೆ ಜೊತೆಗೆ ಇನ್ನಿಬ್ಬರು ಅಲ್ಲಿಯೇ ಕೂರಲಿ.

ಮನೆಗೆಲಸಕ್ಕೆ ಬರುವವರನ್ನು ಹಬ್ಬದ ದಿನ ಕರೆಯಬೇಕೇ?

ಬೇಡ. ಅದು ಅವರ ಮನೆಯಲ್ಲೂ ಹಬ್ಬ. ಹಿಂದಿನ ದಿನ ಸ್ವಲ್ಪ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಹಣ ಕೊಟ್ಟು, ಆಗಲೇ ಹಬ್ಬದ ಉಡುಗೊರೆಯನ್ನೂ ಕೊಟ್ಟು ರಜೆ ಕೊಡಿ. ಬಗೆಗಳು ಕಡಿಮೆ ಇದ್ದು, ಎಲೆಯಲ್ಲಿ ಊಟವಾದರೆ ಹಬ್ಬದ ದಿನ ತೊಳೆಯಲು ಉಳಿಯುವುದು ಅಡುಗೆ ಪಾತ್ರೆಗಳು ಮಾತ್ರ. ಇಬ್ಬರು ಸೇರಿದರೆ ಅರ್ಧ ಗಂಟೆಯ ಕೆಲಸ.

ಎಂಟು ಮಂದಿ ಎಂದುಕೊಂಡಲ್ಲಿ ಹನ್ನೊಂದು ಮಂದಿ ಬಂದರೆ?

ಬೇಳೆಯ ಅಡುಗೆ ಮತ್ತು ಒಬ್ಬಟ್ಟನ್ನು ಆ ಹೊತ್ತಿನಲ್ಲಿ ಹೆಚ್ಚಿಸಲಾಗದು, ಅನ್ನ ಮತ್ತು ಮಜ್ಜಿಗೆಯನ್ನು ಹೆಚ್ಚಿಸಬಹುದು. ಇನ್ನೊಂದು ಕುಕ್ಕರ್ ಅನ್ನವಿಟ್ಟು, ಸಾರಿಗೆ ಬಿಸಿನೀರು, ಹುಳಿ, ಉಪ್ಪು, ಸಾರಿನ ಪುಡಿ ಸೇರಿಸಿ ಕುದಿಸಿದರೆ ಮೂವರಿಗೆ ಆಗುತ್ತದೆ. ಮೊಸರನ್ನು ಮಜ್ಜಿಗೆ ಮಾಡಿ. ಮೇಲಿಟ್ಟ ನಾಲ್ಕು ಒಬ್ಬಟ್ಟು ಇಂಥ ಸಂದರ್ಭಕ್ಕೇ ಇರುವುದು.

ಉಳಿದ ಅಡುಗೆಯನ್ನು ಏನು ಮಾಡಬೇಕು?

ಮಾರ್ಚ್-ಏಪ್ರಿಲ್‌ನ ಸೆಖೆಯಲ್ಲಿ ಅನ್ನ, ತೊವ್ವೆ, ಪಲ್ಯಗಳನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಊಟವಾದ ಮೇಲೆ ಹರಟೆಗೆ ಕೂರುವ ಮುನ್ನ ಹತ್ತು ನಿಮಿಷ ಕೊಟ್ಟು ಎಲ್ಲವನ್ನೂ ಸಣ್ಣ ಪಾತ್ರೆಗಳಿಗೆ ಬದಲಿಸಿ ಫ್ರಿಜ್ಜಿಗೆ ಸೇರಿಸಿಬಿಡಿ. ಒಬ್ಬಟ್ಟನ್ನು ಮರುದಿನ ಕಾವಲಿಯಲ್ಲಿ ತುಪ್ಪ ಹಾಕಿ ಬಿಸಿ ಮಾಡಿದರೆ ಮೊದಲ ದಿನದಷ್ಟೇ ಚೆನ್ನ. ಸಾರನ್ನು ಚೆನ್ನಾಗಿ ಕುದಿಸಿ ಮರುದಿನ ಉಣ್ಣಬಹುದು. ಕೋಸಂಬರಿ ಉಳಿಸಬೇಡಿ. ಬಂದವರಿಗೆ ಕೊಟ್ಟು ಕಳಿಸುವುದಿದ್ದರೆ ಎಲ್ಲರೂ ಉಣ್ಣುವ ಮೊದಲೇ ಒಂದು ಡಬ್ಬಿ ಬೇರೆ ಇಡುವುದು ಸರಿ.

ಮರುದಿನದ ಹೊಸತೊಡಕಿಗೂ ಅದೇ ಅತಿಥಿಗಳನ್ನು ಕರೆಯಬೇಕೇ?

ಮಾಂಸಾಹಾರದ ಮನೆಗಳಲ್ಲಿ ಹೊಸತೊಡಕು ಯುಗಾದಿಯಷ್ಟೇ ಮುಖ್ಯ, ಕೆಲವರಿಗೆ ಅದಕ್ಕಿಂತ ಮುಖ್ಯ. ಎರಡೂ ದಿನ ಎಂಟೆಂಟು ಎಲೆ ಹಾಕಿದರೆ ಹಣವೂ ಸೊರಗುತ್ತದೆ, ಮೈಯೂ ಸೊರಗುತ್ತದೆ. ಒಂದು ದಿನಕ್ಕೆ ಅತಿಥಿಗಳು, ಇನ್ನೊಂದು ದಿನ ಮನೆಯವರು ಮಾತ್ರ ಎಂದು ಮೊದಲೇ ನಿರ್ಧರಿಸಿ. ಹೊಸತೊಡಕಿಗೆ ಕರೆಯುವುದಾದರೆ ಊಟವನ್ನು ಮುದ್ದೆ, ಮಟನ್ ಸಾರು, ಅನ್ನ, ಈರುಳ್ಳಿ-ಸೌತೆಕಾಯಿ, ಮಜ್ಜಿಗೆಗೆ ನಿಲ್ಲಿಸಿ. ಎಂಟು ಮಂದಿಗೆ ಒಂದೂವರೆ ಕಿಲೋ ಮಟನ್ ಸಾಕಾಗುತ್ತದೆ, ಸಾರಿಗೆ ಆಲೂಗಡ್ಡೆ ಸೇರಿಸಿದರೆ ಇನ್ನೂ ಸಲೀಸು. ಅಂದು ಬೆಳಿಗ್ಗೆ ಮಾಂಸದ ಅಂಗಡಿಗಳ ಮುಂದೆ ಉದ್ದ ಸಾಲು ಇರುವುದರಿಂದ ಪರಿಚಯದ ಅಂಗಡಿಯಲ್ಲಿ ಮೊದಲೇ ಹೇಳಿಟ್ಟು, ಮಸಾಲೆಯನ್ನು ಹಿಂದಿನ ರಾತ್ರಿ ಹುರಿದು ಪುಡಿ ಮಾಡಿಡಿ. ಹಳ್ಳಿಗಳಲ್ಲಿ ಕೆಲವು ಮನೆಯವರು ಸೇರಿ ಒಂದು ಮರಿ ತಂದು, ಮಾಂಸವನ್ನು ಗುಡ್ಡೆ ಹಾಕಿ ಹಂಚಿಕೊಳ್ಳುವ ಪದ್ಧತಿ ಇದೆ. ನಗರದಲ್ಲೂ ನಂಬಿಕೆಯ ನಾಲ್ಕೈದು ಮನೆಗಳಿದ್ದರೆ ಅದು ಅಂಗಡಿಗಿಂತ ಅಗ್ಗವಾಗುತ್ತದೆ. ವರ್ಷವಿಡೀ ಕಟ್ಟುವ ಹಬ್ಬದ ಚೀಟಿಗೆ ಸೇರುವುದಾದರೆ ನಡೆಸುವವರನ್ನು ಚೆನ್ನಾಗಿ ಬಲ್ಲವರಾಗಿರಬೇಕು. ಅದಕ್ಕಿಂತ ತಿಂಗಳಿಗೆ ಒಂದಿಷ್ಟನ್ನು ನಿಮ್ಮ ಖಾತೆಯಲ್ಲೇ ಬೇರೆಯಾಗಿ ಕೂಡಿಡುವುದು ಸುರಕ್ಷಿತ.

ಬೇರೆ ಕಡೆಯ ಪದ್ಧತಿಗೆ, ವಿದೇಶದ ಮನೆಗಳಿಗೆ ಈ ಲೆಕ್ಕ ಹೊಂದುತ್ತದೆಯೇ?

ಉತ್ತರ ಕರ್ನಾಟಕದ ಮನೆಗಳಲ್ಲಿ ಕಡಲೆಬೇಳೆಯ ಹೋಳಿಗೆ ಮತ್ತು ಕಟ್ಟಿನ ಸಾರು ಇದೇ ರೀತಿಯ ಲೆಕ್ಕಕ್ಕೆ ಕೂರುತ್ತವೆ. ಕಡಲೆಬೇಳೆ ಬೇಯಲು ಹೆಚ್ಚು ಹೊತ್ತು ಬೇಕಾದ್ದರಿಂದ ನೆನೆಸುವ ಸಮಯವನ್ನು ಎರಡು ಗಂಟೆಗೆ ಹೆಚ್ಚಿಸಿ. ಕರಾವಳಿಯಲ್ಲಿ ಸೌರಮಾನ ಯುಗಾದಿ ಏಪ್ರಿಲ್ ನಡುವೆ ಬರುತ್ತದೆ, ಅಲ್ಲಿನ ಅಡುಗೆಯೇ ಬೇರೆ, ಆದರೆ ಹಿಂದಿನ ದಿನದ ಸಿದ್ಧತೆ ಮತ್ತು ಎಲ್ಲರೂ ಒಟ್ಟಿಗೆ ಕೂರುವ ಕ್ರಮ ಅಲ್ಲಿಗೂ ಸಲ್ಲುತ್ತದೆ.

ವಿದೇಶದಲ್ಲಿರುವವರಿಗೆ ಹಬ್ಬ ವಾರದ ನಡುವೆ ಬಂದರೆ ರಜೆಯಿರುವುದಿಲ್ಲ. ಅಂಥವರು ಹಬ್ಬದ ದಿನ ಬೆಳಿಗ್ಗೆ ಬೇವು-ಬೆಲ್ಲ ಮತ್ತು ದೀಪಕ್ಕೆ ನಿಲ್ಲಿಸಿ, ಊಟವನ್ನು ಶನಿವಾರಕ್ಕೆ ಇಟ್ಟುಕೊಳ್ಳಬಹುದು. ತೊಗರಿಬೇಳೆ, ಬೆಲ್ಲ, ಘನೀಕರಿಸಿದ ತೆಂಗಿನತುರಿ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಹಸಿ ಬೇವು ಸಿಗದ ಊರಿನಲ್ಲಿ ಒಣ ಬೇವಿನ ಹೂವನ್ನು ಊರಿನಿಂದ ಬರುವವರ ಕೈಯಲ್ಲಿ ಒಂದು ಹಿಡಿ ತರಿಸಿಟ್ಟುಕೊಂಡರೆ ಹಲವು ವರ್ಷದ ಹಬ್ಬಕ್ಕೆ ಆಗುತ್ತದೆ. ಮಾವಿನಕಾಯಿ ಸಿಗದಿದ್ದರೆ ನಿಂಬೆಹಣ್ಣಿನ ಚಿತ್ರಾನ್ನ ಮಾಡಿ. ಹೂರಣವನ್ನು ಗುರುವಾರವೇ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಶನಿವಾರದವರೆಗೆ ಕೆಡುವುದಿಲ್ಲ. ತಟ್ಟುವ ಒಂದು ಗಂಟೆ ಮೊದಲು ಹೊರಗೆ ತೆಗೆದು ಮೆತ್ತಗಾಗಲು ಬಿಡಿ.